ಮಹಾರಾಣಿಗೆ ಒಂದು ಚೀಲ ಉಸಿರು

ಸಂಶೋಧನಾಲಯದ ಎರಡನೇ ಮಹಡಿಯ ತುದಿಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಹೊರಗೆ ಮಳೆಯೋ ಬಿಸಿಲೋ ಅದಕ್ಕೆ ಸಂಬಂಧವಿಲ್ಲ. ಒಳಗೆ ಟ್ಯೂಬ್‌ಲೈಟುಗಳು ಉರಿದರೆ ಹಗಲು, ಆರಿದರೆ ರಾತ್ರಿ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿಗಳು, ಜಾಡಿಗಳ ತುಂಬ ಹಸಿರು ನೀರು. ಒಂದೊಂದು ಜಾಡಿಗೂ ಒಂದೊಂದು ತೆಳು ಕೊಳವೆ ಇಳಿದು, ಅದರ ತುದಿಯಿಂದ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಹೊಸದಾಗಿ ಬಂದವರು ಕೊಳದ ವಾಸನೆಗೆ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಈ ಕೋಣೆಯನ್ನು ಇಪ್ಪತ್ತು ಚಿಲ್ಲರೆ ವರ್ಷದಿಂದ ನೋಡಿಕೊಂಡಿರುವವಳನ್ನು ಕಟ್ಟಡದವರೆಲ್ಲ ಪಾಚಿಯಕ್ಕ ಎಂದೇ ಕರೆಯುವುದು. ಅವಳಿಗೂ ಅದರಲ್ಲಿ ಬೇಸರವೇನಿರಲಿಲ್ಲ. ದೊಡ್ಡ ದೊಡ್ಡ ಪದವಿಯವರು ಬಂದು ಎರಡು ವರ್ಷ ಓಡಾಡಿ ಹೋಗುತ್ತಾರೆ, ಆಮೇಲೆ ಅವರ ಹೆಸರನ್ನು ಕಾವಲಿನವನೂ ಮರೆಯುತ್ತಾನೆ. ಪಾಚಿಯಕ್ಕನನ್ನು ಮಾತ್ರ ಯಾರೂ ಮರೆತದ್ದಿಲ್ಲ.

ಜಾಡಿಗಳಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಗಾಳಿ ಕುಡಿದು ಬದುಕುತ್ತಿದ್ದಾನೆ ಎಂದರೆ ನಮ್ಮಲ್ಲಿ ಪಾಪ ಉಪವಾಸ ಬಿದ್ದಿದ್ದಾನೆ ಎಂದರ್ಥ. ಇವುಗಳ ಮಟ್ಟಿಗೆ ಅದು ನಿಜವಾದ ಊಟ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಬೆಳಕಿನ ಬಲದಿಂದ ಸಕ್ಕರೆ ಮಾಡಿ, ಆ ಸಕ್ಕರೆಯಿಂದ ಮೈ ಕಟ್ಟಿಕೊಳ್ಳುತ್ತವೆ. ಹಿಡಿಯುವ ಕೆಲಸ ಮಾಡುವುದು ಒಂದು ಕಿಣ್ವ. ಜಗತ್ತಿನ ಹುಲ್ಲು, ಮರ, ಪಾಚಿ ಎಲ್ಲವೂ ನೆಚ್ಚಿಕೊಂಡಿರುವ ಆ ಕಿಣ್ವ ಶುದ್ಧ ಸೋಮಾರಿ, ಸಾಲದ್ದಕ್ಕೆ ಕಣ್ಣೂ ಮಂಜು. ಇಂಗಾಲದ ಡೈಆಕ್ಸೈಡ್ ಹಿಡಿಯಹೋಗಿ ಎಷ್ಟೋ ಸಲ ಆಮ್ಲಜನಕವನ್ನು ಹಿಡಿದು, ಮಾಡಿದ ಕೆಲಸವನ್ನೂ ಕೆಡಿಸಿಕೊಂಡು ಕೂರುತ್ತದೆ. ಅದಕ್ಕೇ ಈ ಜೀವಿಗಳು ಒಂದು ಉಪಾಯ ಮಾಡಿಕೊಂಡಿವೆ. ಮೈಯೊಳಗೇ ಪುಟ್ಟ ಡಬ್ಬಿಗಳನ್ನು ಕಟ್ಟಿ, ಕಿಣ್ವವನ್ನು ಅದರಲ್ಲಿ ಕೂಡಿಹಾಕಿ, ಡಬ್ಬಿಯ ತುಂಬ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಎತ್ತ ಕೈ ಚಾಚಿದರೂ ಅದೇ ಸಿಗುವಾಗ ತಪ್ಪು ಮಾಡಬೇಕೆಂದರೂ ಹೇಗೆ ಮಾಡೀತು?

ಕೋಣೆಯ ಮೂಲೆಯಲ್ಲಿ, ಉಳಿದವುಗಳಿಂದ ದೂರ, ಒಂದು ಜಾಡಿ ಇತ್ತು. ಅದರೊಳಗಿನ ತಳಿಗೆ ಡಬ್ಬಿ ಕಟ್ಟಲು ಬರುತ್ತಿರಲಿಲ್ಲ. ಡಬ್ಬಿ ಇಲ್ಲದೆ ಹೇಗೆ ಬದುಕುತ್ತದೆ ನೋಡೋಣ ಎಂದು ಪ್ರಯೋಗಾಲಯದ ಮೇಡಮ್ಮೇ ಅದರ ಆ ವಿದ್ಯೆಯನ್ನು ಕಿತ್ತು ಹಾಕಿದ್ದರು. ಹೇಗೆ ಬದುಕೀತು? ಬರೀ ಗಾಳಿ ಕೊಟ್ಟರೆ ಹಳದಿಗೆ ತಿರುಗಿ, ತಳದಲ್ಲಿ ಕೂತು, ಸಾಯುತ್ತಿತ್ತು. ಗಾಳಿಗೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬೆರೆಸಿ ಕೊಟ್ಟರೆ ಮಾತ್ರ ಹಸಿರು. ಇದಕ್ಕೆ ಮಹಾರಾಣಿ ಎಂದು ಹೆಸರಿಟ್ಟವನು ಪಾಚಿಯಕ್ಕನ ತಮ್ಮ. "ನಾವೆಲ್ಲ ಪುಕ್ಕಟೆ ಗಾಳಿ ಕುಡ್ಕೊಂಡು ಬದುಕಿದ್ದೀವಿ. ಇವಳಿಗೆ ಮಾತ್ರ ಬೇರೆ ಗಾಳಿ ಆಗಬೇಕಂತೆ. ಯಾವ ಸೀಮೆ ಮಹಾರಾಣಿನೋ!" ಎಂದಿದ್ದ.

ತಮ್ಮ ಅದೇ ಕಟ್ಟಡದ ನೆಲಮಹಡಿಯಲ್ಲಿ ಗಾಜು ಊದುವವನು. ಉರಿಯ ಮುಂದೆ ಕೂತು, ಗಾಜಿನ ನಳಿಗೆಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹದ ನೋಡಿ ಉಸಿರು ಬಿಡುತ್ತಿದ್ದ. ಕೆಂಪಾದ ಗಾಜು ಉಬ್ಬಿ ಬುರುಡೆಯಾಗುತ್ತಿತ್ತು. ಪಾಚಿಯಕ್ಕನ ಕೋಣೆಯ ಒಂದೊಂದು ಜಾಡಿಯೂ ಅವನ ಉಸಿರಿನಲ್ಲೇ ಆದದ್ದು. ಎಲ್ಲರೂ ಅವನನ್ನು ಊದುಗೊಳವೆ ಎಂದು ಕರೆಯುತ್ತಿದ್ದರು, ಅವನೂ ಕೆನ್ನೆ ಉಬ್ಬಿಸಿ ತೋರಿಸಿ ನಗಿಸುತ್ತಿದ್ದ.

ಒಮ್ಮೆ ಲಾರಿಯವರ ಮುಷ್ಕರವಾಗಿ ಸಿಲಿಂಡರು ಬರಲಿಲ್ಲ. ಇದ್ದದ್ದು ಖಾಲಿಯಾಯಿತು. ಮಹಾರಾಣಿ ಮಂಕಾಗತೊಡಗಿದಳು. ಊಟಕ್ಕೆ ಕೂತಾಗ ಪಾಚಿಯಕ್ಕ ತಲೆಯ ಮೇಲೆ ಕೈ ಹೊತ್ತುಕೊಂಡು, ಮನುಷ್ಯ ಬಿಡುವ ಉಸಿರಿನಲ್ಲಿ ಗಾಳಿಗಿಂತ ನೂರು ಪಟ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ, ಎಲ್ಲ ದಂಡ, ಎಂದು ಗೊಣಗಿದ್ದೇ ತಡ, ತಮ್ಮ ಕೈ ತೊಳೆದುಕೊಂಡು ಎದ್ದ. ಅನಿಲ ತುಂಬಿಡುವ ಬೆಳ್ಳಿ ಬಣ್ಣದ ಚೀಲಗಳನ್ನು ಉಗ್ರಾಣದಿಂದ ಹೊತ್ತು ತಂದು, ಒಂದೊಂದನ್ನೂ ಊದಿ ಊದಿ ತುಂಬಿಸಿ, ಬಾಯಿಗೆ ಕ್ಲಿಪ್ಪು ಹಾಕಿ ಸಾಲಾಗಿ ಮಲಗಿಸಿದ. ಪಾಚಿಯಕ್ಕ ಕ್ರಿಮಿ ಹೋಗದಂತೆ ನಡುವೆ ಸೋಸುಬಿಲ್ಲೆ ಸಿಕ್ಕಿಸಿ, ಚೀಲದ ಮೇಲೆ ದಪ್ಪ ಪುಸ್ತಕ ಹೇರಿ, ಉಸಿರನ್ನು ಜಾಡಿಗೆ ಹರಿಸಿದಳು. ಮುಷ್ಕರ ಮುಗಿಯುವವರೆಗೂ ಮಹಾರಾಣಿ ಹಸಿರಾಗಿಯೇ ಇದ್ದಳು. ಅಂದಿನಿಂದ ಅವನು ಕಟ್ಟಡಕ್ಕೆ ಯಾರೇ ಬಂದರೂ ಆ ಮೂಲೆಗೆ ಕರೆತಂದು, "ನನ್ನ ಉಸಿರು ತಿಂದು ಬೆಳೆದವಳು ಇವಳು. ಮಗಳ ಲೆಕ್ಕ," ಎನ್ನುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ.

ಈಗ ಅಂಥ ಒಂದು ಚೀಲ ತುಂಬಿಸಲು ಅವನಿಗೆ ವಾರವೇ ಬೇಕಾಗುತ್ತಿತ್ತು.

ಸಿಗರೇಟು ಒಂದು ಕಡೆ, ಗಾಜು ಉಜ್ಜುವಾಗ ಏಳುವ ದೂಳು ಇನ್ನೊಂದು ಕಡೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋ ಎಂದು ಹೇಳಿ ಹೇಳಿ ಅಕ್ಕನ ಬಾಯಿ ಸವೆದಿತ್ತು. ಹಳೇ ರಬ್ಬರಿನಂತೆ ಅವನ ಶ್ವಾಸಕೋಶ ಬಿಗಿ ಕಳೆದುಕೊಂಡು ಸಡಿಲವಾಯಿತು. ಎಳೆದುಕೊಂಡ ಗಾಳಿ ಪೂರ್ತಿ ಹೊರಗೆ ಬರಲೊಲ್ಲದು. ಕೆಟ್ಟ ಗಾಳಿ ಒಳಗೇ ಬೀಡುಬಿಟ್ಟಿತು. ಬದುಕಿಡೀ ಊದಿಯೇ ಉಂಡವನಿಗೆ ಕೊನೆಗೆ ಊದುವುದೇ ಆಗದೆ ಹೋಯಿತು. ದೇವರಿಗೆ ಇಂಥ ಕುಚೋದ್ಯ ಯಾಕೆ ಬೇಕಿತ್ತೋ. ಮಂಚದ ತಲೆಯ ಕಡೆ, ತುಸು ದೂರದಲ್ಲಿ, ಒಂದು ಆಮ್ಲಜನಕದ ಸಿಲಿಂಡರು ಬಂತು. ಅದರ ಅನಿಲ ಒಂದು ಸಣ್ಣ ನೀರಿನ ಬಾಟಲಿಯಲ್ಲಿ ಗುಳುಗುಳು ಎಂದು ಹಾದು, ತೆಳು ನಳಿಗೆಯಲ್ಲಿ ಅವನ ಮೂಗಿಗೆ ಬರುತ್ತಿತ್ತು. ಎಷ್ಟು ಬರುತ್ತಿದೆ ಎಂದು ತೋರಿಸಲು ನಿಂತ ಗಾಜಿನ ಕೊಳವೆ, ಅದರೊಳಗೆ ಒಂದು ಪುಟ್ಟ ಗೋಲಿ. ತಿರುಪು ತಿರುಗಿಸಿದಷ್ಟೂ ಗೋಲಿ ಮೇಲೇರುತ್ತಿತ್ತು. ಪಾಚಿಯಕ್ಕನ ಕೋಣೆಯಲ್ಲಿ ಮಹಾರಾಣಿಯ ಅನಿಲಕ್ಕೂ ಅದೇ ಥರದ ಕೊಳವೆ, ಅದೇ ಥರದ ಗೋಲಿ.

ತಮ್ಮನ ಹೆಂಡತಿ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಟೈಲರು. ಡಾಕ್ಟರು ಹೇಳಿದ ಮಟ್ಟಕ್ಕೆ ಸರಿಯಾಗಿ ಆ ಗಾಜಿನ ಕೊಳವೆಗೆ ಅವಳು ಕೆಂಪು ದಾರ ಸುತ್ತಿ ಗಂಟು ಹಾಕಿದ್ದಳು.

"ಗೋಲಿ ಈ ದಾರ ದಾಟಬಾರದಂತೆ ಅತ್ತಿಗೆ," ಎಂದಿದ್ದಳು. "ಅವರು ಎಷ್ಟೇ ಒದ್ದಾಡಿದ್ರೂ ದಾಟಿಸಬಾರದಂತೆ. ಯಾಕೆ ಅಂತಾನೂ ಡಾಕ್ಟರು ಹೇಳಿದ್ರು, ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ಬೇಕಾದ್ರೆ ನೀವೇ ಒಂದ್ಸಲ ಕೇಳಿ."

"ನನಗೇನು ಹೇಳ್ತೀಯ ಬಿಡು. ದಿನಾ ಗೋಲಿ ಏರಿಸೋದು ಇಳಿಸೋದೇ ನನ್ನ ಕೆಲಸ," ಎಂದಿದ್ದಳು ಪಾಚಿಯಕ್ಕ. ಡಾಕ್ಟರನ್ನು ಕೇಳಲು ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಪಾಚಿಯಕ್ಕನಿಗೆ ಆ ದಾರ ಕಂಡರೆ ಮೈಯುರಿಯುತ್ತಿತ್ತು. ತಾಯಿ ಹೋದಾಗ ತಮ್ಮ ಇನ್ನೂ ತೊದಲುತ್ತಿದ್ದ. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳು. ತನಗೊಂದು ಮದುವೆ ಬೇಕೆಂಬುದನ್ನೂ ಅದರ ನಡುವೆ ಮರೆತಳು. ಅವನು ಬಾಯಿ ತೆರೆದು ಕೇಳಿದ್ದನ್ನು ಇಲ್ಲ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಅಂಥವನು ಹೆಂಡತಿಯ ಕಡೆ ತಿರುಗಿ, "ಒಂಚೂರು ತಿರುಗಿಸೇ, ಒಂದೇ ಒಂದು ಚೂರು," ಎಂದು ಗೋಗರೆಯುವುದು, ಅವಳು ಬಟ್ಟೆ ಮಡಚುತ್ತ "ಆಗಲ್ಲ" ಎನ್ನುವುದು, "ನೀನು ಹೆಂಗಸಲ್ಲ, ಕಲ್ಲು" ಎಂದು ಅವನು ಮುಖ ತಿರುಗಿಸುವುದು, ಅದಕ್ಕೂ ಅವಳು ಇನ್ನೊಂದು ಬಟ್ಟೆ ಎತ್ತಿಕೊಳ್ಳುವುದು. ಇದನ್ನೆಲ್ಲ ಅಕ್ಕ ನೋಡುತ್ತ ಕೂತಿರುತ್ತಿದ್ದಳು. ಒಂದು ದಾರದ ಗಂಟಿಗೆ ಇರುವ ಬೆಲೆ ನನ್ನ ತಮ್ಮನ ಜೀವಕ್ಕಿಲ್ಲವೇ ಎಂದು ಮನಸ್ಸಿನಲ್ಲೇ ಕುದಿಯುತ್ತಿದ್ದಳು.

ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಮಾಡಿ ಎಂದು ಡಾಕ್ಟರು ಹೇಳಿದ್ದರು. ಸುಮ್ಮಸುಮ್ಮನೆ ಗಾಳಿಗೆ ಊದಲು ನನಗೇನು ಹುಚ್ಚೇ ಎಂದು ತಮ್ಮ ಒಂದು ಬೆಳ್ಳಿ ಚೀಲ ತರಿಸಿಕೊಂಡ. ಊದಬೇಕೆನಿಸಿದಾಗ ಅದಕ್ಕೆ ಊದಿ ಕ್ಲಿಪ್ಪು ಹಾಕುತ್ತಿದ್ದ.

"ಮಹಾರಾಣಿಗೆ ಕಪ್ಪಕಾಣಿಕೆ," ಎನ್ನುತ್ತಿದ್ದ. "ತುಂಬಿದ ಮೇಲೆ ತಗೊಂಡು ಹೋಗಿ ಕೊಡಕ್ಕಾ. ನಿಮ್ಮಪ್ಪ ಇನ್ನೂ ಇದ್ದಾನೆ ಅಂತ ಹೇಳು."

"ನೀನೇ ಬಂದು ಹೇಳುವಿಯಂತೆ," ಎನ್ನುತ್ತಿದ್ದಳು ಅಕ್ಕ.

ಆ ದಿನ ಹೆಂಡತಿಗೆ ಅಂಗಡಿಗೆ ಹೋಗದೆ ವಿಧಿಯಿರಲಿಲ್ಲ. ಯಾವುದೋ ಆಸ್ಪತ್ರೆಯ ಸಮವಸ್ತ್ರಗಳನ್ನು ಸಂಜೆಯೊಳಗೆ ಮುಗಿಸಿ ಕೊಡಬೇಕಿತ್ತು. ಪಾಚಿಯಕ್ಕ ರಜೆ ಹಾಕಿ ತಮ್ಮನ ಬಳಿ ಕೂತಳು. ಹೊರಡುವಾಗ ಹೆಂಡತಿ ಬಾಗಿಲಿನಿಂದ ತಿರುಗಿ ಬಂದು, ಗೋಲಿ ನೋಡಿ, ದಾರ ನೋಡಿ, ಅತ್ತಿಗೆಯ ಮುಖವನ್ನೂ ಒಂದು ಸಲ ನೋಡಿ ಹೋದಳು. ಅದು ಪಾಚಿಯಕ್ಕನಿಗೆ ಚುಚ್ಚಿತು.

ಮಧ್ಯಾಹ್ನದವರೆಗೆ ಸರಿಯಾಗಿಯೇ ಇತ್ತು. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಎರಡು ತುತ್ತು ತಿಂದ. ಆಮೇಲೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಉಸಿರು ಸಿಗಲಿಲ್ಲ. ಕೂತಲ್ಲೇ ಮುಂದಕ್ಕೆ ಬಾಗಿ, ಮಂಚದ ಅಂಚು ಹಿಡಿದು, ಭುಜ ಎತ್ತಿ ಎತ್ತಿ ಎಳೆಯತೊಡಗಿದ. ತುಟಿ ಕಪ್ಪಿಟ್ಟಿತು. ಉಗುರು ನೀಲಿಯಾಯಿತು.

"ಅಕ್ಕಾ," ಎಂದ. "ಸ್ವಲ್ಪ ತಿರುಗಿಸಕ್ಕಾ."

"ಬೇಡ ಅಂದಿದ್ದಾರಂತಲ್ಲೋ."

"ಅವಳಿಗೆ... ಏನು ಗೊತ್ತು. ನೀನು... ಗಾಳಿ ಬಲ್ಲವಳು." ಪ್ರತಿ ಮಾತಿಗೂ ಒಂದು ಉಸಿರು ಎಳೆಯುತ್ತಿದ್ದ. "ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಅಷ್ಟು ಹೇಳಬಾರದಿತ್ತು. ಪಾಚಿಯಕ್ಕ ಎದ್ದು ಸಿಲಿಂಡರಿನ ಬಳಿ ಹೋದಳು. ಬಣ್ಣಗೆಟ್ಟ ಜಾಡಿಯ ಮುಂದೆ ನಿಂತಾಗ ಅವಳ ಕೈ ಏನು ಮಾಡುತ್ತಿತ್ತೋ ಈಗಲೂ ಅದನ್ನೇ ಮಾಡಿತು. ಇಪ್ಪತ್ತು ವರ್ಷದಿಂದ ಆ ಕೈಗೆ ಗೊತ್ತಿದ್ದದ್ದು ಇಷ್ಟೇ: ಜೀವ ಮಂಕಾದರೆ ತಿರುಪು ಸಡಿಲಿಸು, ಗೋಲಿ ಏರಲಿ, ಬಣ್ಣ ಬರುತ್ತದೆ. ಆಮ್ಲಜನಕ ಹೆಚ್ಚಾದರೆ ಹಸಿರು ಜೀವಕ್ಕೂ ಕೇಡು ಎಂಬುದನ್ನು ಅವಳೇ ಎಷ್ಟು ಜನರಿಗೆ ಬಿಡಿಸಿ ಹೇಳಿದ್ದಳು. ತಮ್ಮನ ತುಟಿಯ ಬಣ್ಣ ನೋಡುವಾಗ ಅದೊಂದೂ ಹೊಳೆಯಲಿಲ್ಲ. ಗೋಲಿ ದಾರ ದಾಟಿತು. ಅವಳು ಇನ್ನೊಂದಿಷ್ಟು ತಿರುಗಿಸಿದಳು. ಬಾಟಲಿಯ ನೀರು ಕುದಿಯುವಂತೆ ಸದ್ದು ಮಾಡಿತು.

ಬಣ್ಣ ಬಂತು. ನಿಜವಾಗಿಯೂ ಬಂತು. ಉಗುರಿನ ನೀಲಿ ಹೋಯಿತು, ತುಟಿ ಕೆಂಪಾಯಿತು, ಎಷ್ಟೋ ತಿಂಗಳಿಂದ ಬೂದಿಯಾಗಿದ್ದ ಕೆನ್ನೆಗೆ ಕಳೆ ಏರಿತು. ಭುಜ ಇಳಿಯಿತು. ಅವನು ದಿಂಬಿಗೆ ಒರಗಿ ಅಕ್ಕನನ್ನು ನೋಡಿ ನಕ್ಕ.

"ನೋಡಿದ್ಯಾ," ಎಂದ. "ಮಹಾರಾಣಿಗೆ ಒಂದು ನ್ಯಾಯ, ನನಗೊಂದಾ? ಮೊದಲೇ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬಾಯಿ ಮುಚ್ಕೊಂಡು ಮಲಗು," ಎಂದಳು ಅವಳು. ಕಣ್ಣಲ್ಲಿ ನೀರಾಡುತ್ತಿತ್ತು, ಸಂತೋಷಕ್ಕೆ.

ಅವನು ಮಂಚದ ಕೆಳಗಿನ ಚೀಲ ಕೇಳಿದ. ತುಟಿ ಮುಂದೆ ಮಾಡಿ ಎರಡು ಮೂರು ಸಲ ಊದಿ, ತೃಪ್ತಿಯಾದವನಂತೆ ಕ್ಲಿಪ್ಪು ಹಾಕಿ ಅಕ್ಕನ ಕೈಗೆ ಕೊಟ್ಟ. ತುಂಬಿತ್ತು. ಅದನ್ನು ಅವಳು ಇದ್ದಲ್ಲೇ ಇಟ್ಟಳು. "ನಿದ್ದೆ ಬರ್ತಿದೆ ಅಕ್ಕಾ," ಎಂದ. ಉಸಿರಾಟ ನಿಧಾನವಾಯಿತು, ಹಗುರವಾಯಿತು. ಎಷ್ಟು ದಿನವಾಗಿತ್ತೋ ಅವನು ಕಾಲು ಚಾಚಿ ಮಲಗಿ. ಹೊದಿಕೆ ಎಳೆದು, ಹಣೆಯ ಮೇಲಿನ ಕೂದಲು ಸರಿಸಿ, ಪಾಚಿಯಕ್ಕ ಅವನ ಮುಖವನ್ನೇ ನೋಡುತ್ತ ಕೂತಳು. ಹಣೆ ಬೆಚ್ಚಗಿತ್ತು. ನಾಲ್ಕು ವರ್ಷದ ಹುಡುಗನಾಗಿದ್ದಾಗ ಹೀಗೇ ಬಾಯಿ ಅರೆತೆರೆದು ಮಲಗುತ್ತಿದ್ದ.

ಆಗಲೇ ಪ್ರಯೋಗಾಲಯದಿಂದ ಫೋನು ಬಂತು. ಮಹಾರಾಣಿಯ ಸಿಲಿಂಡರು ಮುಗಿಯುತ್ತ ಬಂದಿದೆ, ಹೊಸದು ಬಂದು ಕೆಳಗೆ ನಿಂತಿದೆ, ಜೋಡಿಸಲು ಗೊತ್ತಿದ್ದವರು ಯಾರೂ ಇಲ್ಲ, ಮೇಡಂ ಊರಲ್ಲಿಲ್ಲ. ಪಾಚಿಯಕ್ಕ ತಮ್ಮನನ್ನು ನೋಡಿದಳು. ಎಬ್ಬಿಸಿ ಹೇಳಿ ಹೋಗೋಣವೆಂದುಕೊಂಡಳು. ಇಷ್ಟು ಚೆನ್ನಾಗಿ ಮಲಗಿದವನನ್ನು ಯಾವ ಬಾಯಲ್ಲಿ ಎಬ್ಬಿಸುವುದು? ಕಟ್ಟಡ ಅಲ್ಲೇ ಎರಡು ಬೀದಿ ಆಚೆ. ಹೀಗೆ ಹೋಗಿ ಹಾಗೆ ಬಂದರಾಯಿತು ಎಂದು ಬಾಗಿಲು ಎಳೆದುಕೊಂಡು ಹೊರಟಳು.

ದಾರಿಯಲ್ಲಿ ಅವಳ ಕಾಲು ನೆಲಕ್ಕೆ ಹತ್ತಲಿಲ್ಲ. ನಾಳೆಯೇ ಆ ದಾರ ಬಿಚ್ಚಿಸಬೇಕು ಎಂದುಕೊಂಡಳು. ಕೋಣೆಗೆ ಹೋಗಿ, ಹಳೇ ಸಿಲಿಂಡರು ಬಿಚ್ಚಿ, ಹೊಸದು ಜೋಡಿಸಿ, ಸಾಬೂನಿನ ನೀರು ಹಚ್ಚಿ ಎಲ್ಲೂ ಸೋರುತ್ತಿಲ್ಲವೆಂದು ನೋಡಿ, ತಿರುಪು ತಿರುಗಿಸಿದಳು. ಗೋಲಿ ಏರಿತು. ಗುಳ್ಳೆಗಳು ಎದ್ದವು. "ನಿಮ್ಮಪ್ಪ ಮಲಗಿದಾನೆ ಕಣೇ," ಎಂದು ಜಾಡಿಗೆ ಹೇಳಿದಳು. "ನಾಳೆ ಅವನ ಚೀಲ ತರ್ತೀನಿ." ಯಾರೋ ಟೀ ಕೊಟ್ಟರು. ನಿಂತೇ ಕುಡಿದಳು. ಆ ಟೀಯ ರುಚಿ ಅವಳ ಬಾಯಿಂದ ಇನ್ನು ಯಾವತ್ತೂ ಹೋಗುವುದಿಲ್ಲ.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಹೆಂಡತಿ ಕೆಲಸ ಬೇಗ ಮುಗಿಸಿ ಬಂದಿದ್ದಳು. ಕತ್ತಿನಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ಗಂಡನ ಎರಡೂ ಭುಜ ಹಿಡಿದು ಅಲುಗಿಸುತ್ತ, "ರೀ... ರೀ..." ಎನ್ನುತ್ತಿದ್ದಳು. ಅವನ ಮುಖ ಕೆಂಪಾಗಿ, ಬೆವತು, ಶಾಂತವಾಗಿತ್ತು. ಉಸಿರು ಇತ್ತು, ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಅನ್ನುವಷ್ಟು ಹೊತ್ತು ಬಿಟ್ಟು ಬರುತ್ತಿತ್ತು. ಗೋಲಿ ದಾರಕ್ಕಿಂತ ಎಷ್ಟೋ ಮೇಲೆ ಕೂತಿತ್ತು. ಹೆಂಡತಿ ಅದನ್ನು ಆಗಲೇ ನೋಡಿರಬೇಕು. ಎದ್ದು ಹೋಗಿ, ತಿರುಪನ್ನು ಹಿಂದಕ್ಕೆ ತಿರುಗಿಸಿ, ಗೋಲಿಯನ್ನು ದಾರಕ್ಕೆ ಇಳಿಸಿದಳು.

ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಹಾಕಿ ನೋಡಿದರು. ಮರುದಿನ ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿಕೊಂಡಾಗಲೇ ಇಬ್ಬರಿಗೂ ಗೊತ್ತಾಯಿತು.

"ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಏರಿಬಿಟ್ಟಿತ್ತು," ಎಂದರು. "ಇವರಂಥವರಿಗೆ ಆಮ್ಲಜನಕ ಅಳತೆ ಮೀರಿದ್ರೆ ಉಸಿರಾಟ ಮಂದವಾಗಿ ಕೆಟ್ಟ ಗಾಳಿ ಒಳಗೇ ಉಳಿದುಬಿಡುತ್ತೆ. ಮುಖಕ್ಕೆ ಬಣ್ಣ ಬರುತ್ತೆ, ಮಂಪರು ಬರುತ್ತೆ, ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಅಂತಾನೇ ಮನೆಯವರು ಅಂದ್ಕೋತಾರೆ. ಒಳಗೆ ವಿಷ ಏರ್ತಾ ಇರುತ್ತೆ. ನಾನು ಹೇಳಿದ್ದೆನಲ್ಲಮ್ಮ, ಅಳತೆ ದಾಟಬಾರದು ಅಂತ. ಯಾರು ಏರಿಸಿದ್ದು?"

ಪಾಚಿಯಕ್ಕ ಹೇಳಬೇಕಿದ್ದದ್ದು ನಾನು ಎನ್ನುವ ಒಂದು ಮಾತು. ಅದು ಹೊರಡುವ ಮೊದಲೇ ಪಕ್ಕದಲ್ಲಿದ್ದವಳು ಹೇಳಿಬಿಟ್ಟಳು:

"ಅವರೇ ಕೈ ಹಾಕಿ ತಿರುಗಿಸಿಕೊಂಡಿರಬೇಕು ಡಾಕ್ಟ್ರೇ. ಮನೇಲಿ ಯಾರೂ ಇರಲಿಲ್ಲ."

ಡಾಕ್ಟರು ತಲೆಯಾಡಿಸಿ, ಹಾಗೂ ಆಗುತ್ತೆ ಎಂದು ಹೊರಟುಹೋದರು. ಸತ್ತವನ ಮೇಲೆ ತಪ್ಪು ಕೂತಿತು, ಪಾಚಿಯಕ್ಕ ಕೂರಲು ಬಿಟ್ಟಳು. ಕಂಕುಳಲ್ಲಿ ಹೊತ್ತು ಬೆಳೆಸಿದ್ದು, ಮದುವೆ ಬಿಟ್ಟಿದ್ದು ಎಲ್ಲ ಆ ಒಂದು ಗಳಿಗೆಯಲ್ಲಿ ನೀರಿಗೆ ಹೋಯಿತೆಂದು ಅವಳಿಗೆ ಅನ್ನಿಸಿದರೆ ಅದರಲ್ಲಿ ಅತಿಯೇನಿಲ್ಲ.

ಮಣ್ಣಿಗೆ ಬಂದವರೆಲ್ಲ ಅವಳ ಕೈ ಹಿಡಿದು, ಕೊನೆಯವರೆಗೂ ನೋಡಿಕೊಂಡೆಯಲ್ಲ ತಾಯಿ, ನಿನ್ನಂಥ ಅಕ್ಕ ಯಾರಿಗಿದ್ದಾರೆ ಎಂದರು. ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಬದುಕಬಹುದಿತ್ತು.

ರಜೆ ಮುಗಿಸಿ ಪಾಚಿಯಕ್ಕ ಕೋಣೆಗೆ ಮರಳಿದಳು. ಮಹಾರಾಣಿ ದಟ್ಟ ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಗುಳ್ಳೆ ಬಿಡುತ್ತ ಕೂತಿದ್ದಳು. ತಾನು ಆ ಮಧ್ಯಾಹ್ನ ಉಳಿಸಿಕೊಂಡದ್ದು ಇವಳನ್ನು. ಜಾಡಿಯನ್ನೆತ್ತಿ ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು. ಜಾಡಿಯ ಕತ್ತಿನಲ್ಲಿ ತಮ್ಮ ಗಾಜು ಜೋಡಿಸಿದ ಕಡೆ ಒಂದು ಸಣ್ಣ ಉಬ್ಬು ಇತ್ತು. ಹೊಸಬನಾಗಿದ್ದಾಗ ಮಾಡಿದ್ದು, ಅದನ್ನು ನೋಡಿದಾಗೆಲ್ಲ ನಾಚಿಕೊಂಡು ಬೇರೆ ಮಾಡಿಕೊಡುತ್ತೇನೆ ಎನ್ನುತ್ತಿದ್ದ. ಆ ಉಬ್ಬಿನ ಮೇಲೆ ಬೆರಳಿಟ್ಟುಕೊಂಡು ಅವಳು ನಿಂತಳು. ಅಂದಿನಿಂದ ತಿರುಪು ಮುಟ್ಟಬೇಕಾದಾಗೆಲ್ಲ ಅವಳ ಕೈ ನಡುದಾರಿಯಲ್ಲೇ ನಿಲ್ಲತೊಡಗಿತು. ಯಾರನ್ನಾದರೂ ಕರೆದು, ಕಣ್ಣು ಕಾಣಲ್ಲ, ಸ್ವಲ್ಪ ತಿರುಗಿಸಿ ಎಂದು ಸುಳ್ಳು ಹೇಳಿ ಮಾಡಿಸುತ್ತಿದ್ದಳು.

ಒಂದು ಸಂಜೆ ಕೆಲಸದವರೆಲ್ಲ ಹೊರಡುವ ಹೊತ್ತಿಗೆ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಈ ಕೋಣೆಗೆ ಅವಳು ಬಂದದ್ದು ಇದೇ ಮೊದಲು. ಎದೆಗೆ ಅವುಚಿಕೊಂಡಿದ್ದ ಬಟ್ಟೆಯ ಗಂಟಿನಿಂದ ಬೆಳ್ಳಿ ಚೀಲ ತೆಗೆದಳು. ಇನ್ನೂ ಉಬ್ಬಿಕೊಂಡೇ ಇತ್ತು.

"ಮಂಚದ ಕೆಳಗೆ ಸಿಕ್ತು ಅತ್ತಿಗೆ," ಎಂದಳು. "ಇಷ್ಟು ದಿನ ಇಟ್ಕೊಂಡಿದ್ದೆ. ಬಿಡೋದಕ್ಕೆ ಮನಸ್ಸು ಬರಲಿಲ್ಲ. ಇಟ್ಕೊಂಡರೂ ಸೋರಿಹೋಗುತ್ತೆ ಅಲ್ವಾ, ಒಂದಲ್ಲ ಒಂದಿನ?"

"ಹೋಗುತ್ತೆ," ಎಂದಳು ಪಾಚಿಯಕ್ಕ.

"ಮಹಾರಾಣಿಗೆ ಅಂತ ತುಂಬಿಸಿದ್ದು. ಅವಳಿಗೇ ಕೊಡೋಣ. ಕೊಟ್ಟರೆ ಏನಾಗುತ್ತೆ?"

ಪಾಚಿಯಕ್ಕ ನೂರಾರು ಜನರಿಗೆ ಹೇಳಿದ್ದನ್ನೇ ಹೇಳಲು ಹೊರಟಳು. "ಅವನ ಉಸಿರಲ್ಲಿರೋ ಇಂಗಾಲನ ಇವಳು ಹಿಡ್ಕೋತಾಳೆ. ಮೈ ಮಾಡ್ಕೋತಾಳೆ. ಹಸಿರಾಗುತ್ತೆ. ಇವಳಿರೋವರೆಗೆ ಇವಳಲ್ಲಿ ಇರುತ್ತೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಾನು ಕಣೇ ತಿರುಗಿಸಿದ್ದು. ಕಾಲಿಗೆ ಬೀಳ್ತೀನಿ ಅಂದ. ನಾನೇ ಕೊಂದೆ."

"ಗೊತ್ತು," ಎಂದಳು ಅವಳು. "ಮಲಗಿದ್ದ ಕಡೆಯಿಂದ ಅವರ ಕೈ ತಿರುಪಿಗೆ ನಿಲುಕ್ತಾನೇ ಇರಲಿಲ್ಲ. ನಿಲುಕಬಾರದು ಅಂತಾನೇ ನಾನು ಸಿಲಿಂಡರು ಅಲ್ಲಿಟ್ಟಿದ್ದು."

"ಮತ್ತೆ ಡಾಕ್ಟರ ಹತ್ತಿರ ಯಾಕೆ..."

"ಎಲ್ಲರೆದುರಿಗೆ ನಿಮ್ಮನ್ನ ನಿಲ್ಲಿಸಿದ್ರೆ ಅವರು ಎದ್ದು ಬರ್ತಿದ್ರಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ, ಮೆತ್ತಗೂ ಇರಲಿಲ್ಲ. "ದಿನಾ ನನ್ನನ್ನ ಕೇಳ್ತಿದ್ರು ಅತ್ತಿಗೆ. ನಿಮ್ಮೆದುರಿಗೆ ಕೇಳಿದ್ದು ಸ್ವಲ್ಪ, ನೀವಿಲ್ಲದಾಗ ಅಳ್ತಿದ್ರು. ಕಲ್ಲು ಅಂದ್ರು. ಕಟುಕಿ ಅಂದ್ರು. ನನಗೇನು ಆಸೆ ಇರಲಿಲ್ವಾ, ಒಂದು ಸಲ ತಿರುಗಿಸಿ ಅವರ ಬಾಯಲ್ಲಿ ಒಳ್ಳೆಯವಳು ಅನ್ನಿಸಿಕೊಳ್ಳೋದಕ್ಕೆ? ಬಯ್ಯಿಸಿಕೊಂಡು ಬಯ್ಯಿಸಿಕೊಂಡೇ ಅವರನ್ನ ಅಷ್ಟು ದಿನ ಉಳಿಸಿಕೊಂಡಿದ್ದೆ. ಕೊನೇಲಿ ನಿಮ್ಮನ್ನ ನೋಡಿ ನಕ್ಕಿರಬೇಕು, ಅಲ್ವಾ?"

ಪಾಚಿಯಕ್ಕನಿಗೆ ಸುಳ್ಳು ಹೇಳಲಾಗಲಿಲ್ಲ. "ನಕ್ಕ," ಎಂದಳು.

"ನನ್ನನ್ನ ನೋಡಿ ನಕ್ಕು ವರ್ಷದ ಮೇಲಾಗಿತ್ತು," ಎಂದಳು ಹೆಂಡತಿ.

ಕೋಣೆಯ ತುಂಬ ಗುಳ್ಳೆಗಳ ಸದ್ದು. ಪಾಚಿಯಕ್ಕ ಸೋಸುಬಿಲ್ಲೆ ತೆಗೆದು, ಕೊಳವೆಗೆ ಸಿಕ್ಕಿಸಿ, ಕೊಳವೆಯನ್ನು ಚೀಲದ ಬಾಯಿಗೆ ಜೋಡಿಸಿದಳು. ಮಹಾರಾಣಿಯ ಸಿಲಿಂಡರನ್ನು ಅಷ್ಟು ಹೊತ್ತಿಗೆ ನಿಲ್ಲಿಸಬೇಕಿತ್ತು. ಬೇರೆಯವರ ಗಾಳಿ ಇದರ ಜೊತೆ ಬೆರೆಯುವುದು ಅವಳಿಗೆ ಬೇಕಿರಲಿಲ್ಲ. ಕೈ ಚಾಚಿದಳು. ಕೈ ಎಂದಿನಂತೆ ತಿರುಪಿನ ಹತ್ತಿರವೇ ನಿಂತುಬಿಟ್ಟಿತು.

ತಮ್ಮನ ಹೆಂಡತಿ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಒರಟಾಗಿ ಅಲ್ಲ, ಪಕ್ಕಕ್ಕೆ ಸರಿಸಿದಳು.

"ನೀವು ಮುಟ್ಟಬೇಡಿ ಅತ್ತಿಗೆ," ಎಂದಳು. "ನಾನು ಮಾಡ್ತೀನಿ. ಎಷ್ಟು ಅಂತ ನೀವು ಹೇಳಿ, ಅಷ್ಟೇ ತಿರುಗಿಸ್ತೀನಿ."

ಪಾಚಿಯಕ್ಕ ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ಹೇಳಿದಳು. ಚೀಲದ ಕ್ಲಿಪ್ಪನ್ನು ಎಷ್ಟು ಸಡಿಲಿಸಬೇಕೆಂದು ಹೇಳಿದಳು. "ನಿಧಾನ," ಎಂದಳು. "ಇನ್ನೂ ನಿಧಾನ. ಸಾಕು, ಅಷ್ಟೇ." ದಾರ ಪೋಣಿಸಿ ಪೋಣಿಸಿ ಪಳಗಿದ ಆ ಬೆರಳುಗಳು ಹೇಳಿದಲ್ಲಿಗೇ ನಿಂತವು, ಕೂದಲೆಳೆಯಷ್ಟೂ ಆಚೆ ಹೋಗಲಿಲ್ಲ. ಜಾಡಿಯ ತಳದಿಂದ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು.

ಹೆಂಡತಿ ಚೀಲದ ಮೇಲೆ ಅಂಗೈ ಊರಿ, ಮಗುವಿನ ಬೆನ್ನು ಒತ್ತುವಷ್ಟು ಮೆಲ್ಲಗೆ ಒತ್ತುತ್ತ ನಿಂತಿದ್ದಳು. ಚೀಲ ತಗ್ಗುತ್ತ ಬಂತು. ಪಾಚಿಯಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅದು ಪೂರ್ತಿ ಚಪ್ಪಟೆಯಾಗುವವರೆಗೂ ನೋಡುತ್ತಿದ್ದಳು.